ಒಂದು ಹೆಜ್ಜೆಗೆ ಎಂಟು ಸದ್ದು

ಗೆಳೆಯನೊಬ್ಬ ಮೊಬೈಲ್ ಗೇಮ್ ಮಾಡುತ್ತಿದ್ದ. ಮಲೆನಾಡಿನ ಕಾಡಲ್ಲಿ ದಾರಿ ತಪ್ಪಿದ ಹುಡುಗಿಯ ಕಥೆ. ಸದ್ದು, ಸಂಗೀತ ಎರಡೂ ನನ್ನ ಪಾಲಿಗೆ ಬಂದವು. ಹೆಜ್ಜೆ ಸದ್ದು ತಾನೇ, ಆಮೇಲೆ ನೋಡೋಣ ಅಂತ ಮೊದಲು ಸಂಗೀತಕ್ಕೆ ಕೂತೆ. ಆದರೆ ಆಡುವವರ ಕಿವಿಗೆ ಎಲ್ಲಕ್ಕಿಂತ ಜಾಸ್ತಿ ಬೀಳುವುದು ಆ ಹೆಜ್ಜೆಯೇ, ಅಲ್ವಾ?

ಒಂದೇ ಹೆಜ್ಜೆ ರೆಕಾರ್ಡ್ ಮಾಡಿ ಹಾಕಿದ್ದೆ. ಹುಡುಗಿ ಓಡಿದರೆ ಹೊಲಿಗೆ ಯಂತ್ರ ಓಡಿದ ಹಾಗೆ ಕೇಳಿಸಿತು. ನಿಜವಾದ ನಡಿಗೆಯಲ್ಲಿ ಎರಡು ಹೆಜ್ಜೆ ಒಂದೇ ಥರ ಇರುವುದಿಲ್ಲ. ಊರಿಂದ ತರಗೆಲೆ, ಒಣ ಅಡಿಕೆ ಹಾಳೆ ತಂದೆ. ರಾತ್ರಿ 2 ಗಂಟೆಗೆ ಫ್ಯಾನು, ಫ್ರಿಜ್ಜು ಆಫ್ ಮಾಡಿ, ಕಿಟಕಿಗೆ ಕಂಬಳಿ ಕಟ್ಟಿ ಕೂತೆ. ಕಾಲಲ್ಲಿ ತುಳಿದರೆ ನೆಲದ ಸದ್ದೇ ಮುಂದಾಗುತ್ತಿತ್ತು. ಮೈಕಿನ ಹತ್ತಿರ ಕೈಯಲ್ಲಿ ಹಿಸುಕಿದಾಗ ಎಲೆ ಮಾತಾಡಿತು. ಒದ್ದೆ ಮಣ್ಣಿನ ಸದ್ದಿಗೆ ನೀರಲ್ಲಿ ನೆನೆಸಿದ ಗೋಣಿಚೀಲ. ಒಂದೊಂದು ನೆಲಕ್ಕೂ ಎಂಟು ಸದ್ದು. ಗೇಮು ಅವುಗಳಲ್ಲಿ ಯಾವುದನ್ನಾದರೂ ಆರಿಸುತ್ತದೆ, ಹಿಂದಿನದನ್ನು ಮತ್ತೆ ಆರಿಸುವುದಿಲ್ಲ. ಪ್ರತಿ ಸಲವೂ ಶ್ರುತಿ ಚೂರು ಮೇಲೆ ಕೆಳಗೆ ಆಗುತ್ತದೆ.

ಮಳೆಯ ಸದ್ದಿಗೆ ಮೊರದಲ್ಲಿ ರಾಗಿ ಕೇರಿದೆ. ನನ್ನ ಕೈಗೆ ಆ ಹದ ಬರಲಿಲ್ಲ. ಅಮ್ಮ ಮೊರ ಇಸಿದುಕೊಂಡು ಕೇರಿದರು. ಕಣ್ಣು ಮುಚ್ಚಿ ಕೇಳಿದರೆ ಹೆಂಚಿನ ಮೇಲಿನ ಮಳೆಯೇ.

ಸಂಗೀತ ಮೋಹನ ರಾಗದ ಕೊಳಲು. ನಿಮಿಷಕ್ಕೆ 80 ಎಣಿಕೆ, ಎಂಟು ಎಣಿಕೆಯ ಆದಿತಾಳದ 15 ಆವರ್ತನ, ಸರಿಯಾಗಿ 90 ಸೆಕೆಂಡ್. ಮುಗಿದ ಕೂಡಲೇ ಮತ್ತೆ ಮೊದಲಿಂದ ಸುತ್ತಬೇಕು. ಎಂಪಿ3 ಫೈಲ್ ಕೊಟ್ಟೆ. ಸುತ್ತು ಸುತ್ತಿಗೂ ತಡವರಿಸಿತು. ಎಂಪಿ3 ಮಾಡುವಾಗ ಫೈಲಿನ ತುದಿಗಳಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ. ಓಗ್ ಅನ್ನುವ ಇನ್ನೊಂದು ಬಗೆಯ ಫೈಲಿಗೆ ಬದಲಿಸಿದ ಮೇಲೆ ಅದು ಹೋಯಿತು. ಆದರೂ ಕೊಳಲಿನ ಕೊನೆಯ ಗುಂಗು ತಟ್ಟನೆ ಕಡಿದು ಹೋಗುತ್ತಿತ್ತು. ಅದಕ್ಕೆ ರೀಪರ್ ಅನ್ನುವ ಸದ್ದು ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಟ್ಯೂನನ್ನು ಬೆನ್ನುಬೆನ್ನಿಗೆ ಎರಡು ಸಲ ಇಟ್ಟು, ಎರಡನೇ ಸುತ್ತನ್ನಷ್ಟೇ ಕತ್ತರಿಸಿ ತೆಗೆದೆ. ಮೊದಲ ಸುತ್ತಿನ ಗುಂಗು ಅದರ ತಲೆಯಲ್ಲೇ ಬಂದಿರುತ್ತದೆ. ಈಗ ಹೊಲಿಗೆ ಎಲ್ಲಿದೆ ಅಂತ ಕಾಣಿಸುವುದೇ ಇಲ್ಲ.

ಹುಲಿಯ ಗುರುಗುಟ್ಟು ಹೆಡ್‌ಫೋನಿನಲ್ಲಿ ಎದೆ ನಡುಗಿಸುತ್ತಿತ್ತು. ಫೋನಿನ ಪುಟ್ಟ ಸ್ಪೀಕರ್ ಅಷ್ಟು ತಗ್ಗಿನ ಸದ್ದನ್ನು ಹೊರಡಿಸಲಾರದು. ಅಲ್ಲಿ ಏನೂ ಕೇಳಲಿಲ್ಲ. ಸ್ವಲ್ಪ ಡಿಸ್ಟಾರ್ಷನ್ ಸೇರಿಸಿದೆ, ಅಂದರೆ ಸದ್ದನ್ನು ಬೇಕೆಂದೇ ಚೂರು ಒಡೆಸಿದೆ. ಆಗ ಅದೇ ಸದ್ದಿನ ಮೇಲಿನ ಸ್ವರಗಳು ಹುಟ್ಟುತ್ತವೆ. ಕೆಳಗಿನದನ್ನು ಕಿವಿಯೇ ಕಟ್ಟಿಕೊಳ್ಳುತ್ತದೆ.

ಹುಡುಗಿ ಮಳೆಯಲ್ಲಿ ನಡೆಯುವ ಹಂತಕ್ಕೆ ಬರುವ ಹೊತ್ತಿಗೆ ಕೊಳಲನ್ನು ತೆಗೆದುಬಿಟ್ಟೆ. ಅಲ್ಲಿ ಅಮ್ಮ ಕೇರಿದ ರಾಗಿ ಇದೆ, ಗೋಣಿಚೀಲದ ಎಂಟು ಹೆಜ್ಜೆ ಇವೆ.