ಕಿವಿಯ ಮೂಲಕ ವೇಗಸ್ ನರ ಪ್ರಚೋದನೆ: ಹಿರಿಯರು ಬಳಸುವ ಕ್ರಮ

ಮೆದುಳಿನಿಂದ ಹೊರಟು ಹೃದಯ, ಜಠರದವರೆಗೆ ಇಳಿಯುವ ವೇಗಸ್ ನರದ ಸಣ್ಣ ಕವಲೊಂದು ಕಿವಿಯ ಚರ್ಮಕ್ಕೂ ಬರುತ್ತದೆ. ಅದಕ್ಕೆ ಹಗುರ ವಿದ್ಯುತ್ ಮಿಡಿತ ಕೊಟ್ಟು ದೇಹವನ್ನು ವಿಶ್ರಾಂತಿಯ ಕಡೆಗೆ ಒಲಿಸುವುದು ಈ ಚಿಕಿತ್ಸೆಯ ಉದ್ದೇಶ. 1997ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೂರ್ಛೆರೋಗಕ್ಕೆ ಒಪ್ಪಿಗೆ ಕೊಟ್ಟ ವೇಗಸ್ ಸಾಧನವನ್ನು ಶಸ್ತ್ರಚಿಕಿತ್ಸೆ ಮಾಡಿ ಎದೆಯಲ್ಲಿ ಇಡಬೇಕಿತ್ತು. ಕಿವಿಗೆ ಕ್ಲಿಪ್ ಸಿಕ್ಕಿಸಿ ಬಳಸುವ ಈ ಸಾಧನಕ್ಕೆ ಆ ರಗಳೆಯಿಲ್ಲ. ಆತಂಕ, ನಿದ್ರಾಹೀನತೆಯ ಮಟ್ಟಿಗೆ ಸಣ್ಣ ಅಧ್ಯಯನಗಳು ಭರವಸೆ ಮೂಡಿಸಿವೆ. ಜಾಹೀರಾತುಗಳು ಸಾರುವಷ್ಟು ಗಟ್ಟಿಯಾದ ಪುರಾವೆ ಇನ್ನೂ ಸಿಕ್ಕಿಲ್ಲ.

ಸಾಧನ ಕೊಳ್ಳುವ ಮೊದಲು ವೈದ್ಯರನ್ನು ಕಾಣಬೇಕು. ಪೇಸ್‌ಮೇಕರ್ ಅಥವಾ ದೇಹದೊಳಗೆ ಅಳವಡಿಸಿದ ಬೇರಾವುದೇ ವಿದ್ಯುತ್ ಸಾಧನ ಇರುವವರಿಗೆ ಇದು ಸಲ್ಲದು. ನಾಡಿ ನಿಧಾನವಾಗಿದ್ದರೆ, ಹೃದಯದ ಲಯ ತಪ್ಪುತ್ತಿದ್ದರೆ, ಆಗಾಗ ತಲೆಸುತ್ತಿ ಬೀಳುತ್ತಿದ್ದರೆ ಹೇಳಲೇಬೇಕು. ರಕ್ತದೊತ್ತಡಕ್ಕೆ ನುಂಗುವ ಬೀಟಾ ಬ್ಲಾಕರ್ ಮಾತ್ರೆಯೂ ನಾಡಿಯನ್ನು ತಗ್ಗಿಸುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ನಿದ್ದೆ ಕೆಡಲು ಬೇರೆ ಕಾರಣವಿದೆಯೇ ಎಂದೂ ಅಲ್ಲೇ ಕೇಳಿ. ಜೋರು ಗೊರಕೆಯ ನಡುವೆ ಉಸಿರು ನಿಲ್ಲುವುದು, ಥೈರಾಯ್ಡ್, ಮಂಡಿನೋವು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು: ಇವುಗಳಿಗೆ ಕಿವಿಯ ಕ್ಲಿಪ್ ಮದ್ದಲ್ಲ.

ಒಪ್ಪಿಗೆ ಸಿಕ್ಕ ಮೇಲೆ ಜಾಗ ಗುರುತಿಸಿಕೊಳ್ಳಿ. ಕ್ಲಿಪ್ಪನ್ನು ಕಿವಿಯ ಕೆಳತುದಿಯ ಮೆತ್ತನೆಯ ಹಾಲೆಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಸಂಶೋಧನೆಗಳಲ್ಲಿ ಹಾಲೆಯನ್ನು ಹುಸಿ ಚಿಕಿತ್ಸೆಯ, ಅಂದರೆ ಹೋಲಿಕೆಗಷ್ಟೇ ಕೊಡುವ ತೋರಿಕೆಯ ಚಿಕಿತ್ಸೆಯ, ಜಾಗವಾಗಿ ಬಳಸುತ್ತಾರೆ. ಕಿವಿಯ ಒಳಬಟ್ಟಲಿನ ಮೇಲ್ಭಾಗ, ಇಲ್ಲವೇ ಕಿವಿರಂಧ್ರದ ಮುಂದಿನ ಸಣ್ಣ ಉಬ್ಬು ಸರಿಯಾದ ಸ್ಥಳ. ಸಾಮಾನ್ಯವಾಗಿ ಎಡಗಿವಿಯನ್ನೇ ಆರಿಸುತ್ತಾರೆ. ಶ್ರವಣ ಸಾಧನ, ಓಲೆ ತೆಗೆದು, ಚರ್ಮ ಒರೆಸಿ, ಗಾಯವಿಲ್ಲವೆಂದು ನೋಡಿಕೊಳ್ಳಿ.

ಕುರ್ಚಿಯಲ್ಲಿ ಒರಗಿ ಕುಳಿತು ಸೊನ್ನೆಯಿಂದ ತೀವ್ರತೆ ಏರಿಸಿ. ಸಣ್ಣಗೆ ಜುಮ್ಮೆಂದರೆ ಏರಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಚುಚ್ಚುವಷ್ಟು ಏರಿಸಿದರೆ ನಿದ್ದೆ ಹತ್ತಿರ ಬರುವುದಿಲ್ಲ, ಚರ್ಮ ಕೆಂಪಾಗುತ್ತದೆ ಅಷ್ಟೆ. ಅಧ್ಯಯನಗಳಲ್ಲಿ ಸೆಕೆಂಡಿಗೆ 25 ಮಿಡಿತಗಳ ಬಳಕೆ ಹೆಚ್ಚು. ಅವಧಿಯನ್ನು ವೈದ್ಯರು ಹೇಳಿದಂತೆ ಇಟ್ಟುಕೊಳ್ಳಿ. ಮುಗಿದ ಕೂಡಲೇ ಧಡಕ್ಕನೆ ಏಳಬೇಡಿ. ತಲೆಸುತ್ತು, ಎದೆಬಡಿತದಲ್ಲಿ ಏರುಪೇರು ಕಂಡರೆ ತಕ್ಷಣ ಕಳಚಿ ವೈದ್ಯರಿಗೆ ತಿಳಿಸಿ.

ಮಲಗಿದ ಹೊತ್ತು, ಎಚ್ಚರವಾದ ಸಲ, ಬೆಳಗಿನ ಮನಸ್ಥಿತಿಯನ್ನು ಪುಸ್ತಕದಲ್ಲಿ ಬರೆದಿಡಿ. ಸಾಧನ ಬಳಸುವ ಮುಂಚಿನ ವಾರದ ದಾಖಲೆ ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ವೈದ್ಯಕೀಯ ಮಾರ್ಗಸೂಚಿಗಳು ಮೊದಲು ಸೂಚಿಸುವುದು ನಡವಳಿಕೆ ತಿದ್ದುವ ಆಪ್ತಸಮಾಲೋಚನೆಯನ್ನು. ಅದನ್ನು ಬಿಟ್ಟು ಇದೊಂದನ್ನೇ ನೆಚ್ಚುವುದು ಸರಿಯಲ್ಲ. ಎರಡು ರಾತ್ರಿ ಚೆನ್ನಾಗಿ ನಿದ್ದೆ ಬಂತೆಂದು ನಿದ್ದೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂಬೇಡಿ. ವೈದ್ಯರು ಅದನ್ನು ಹಂತಹಂತವಾಗಿ ಇಳಿಸುತ್ತಾರೆ.