ವಿಮಾನ ಎಷ್ಟು ಹೊತ್ತು ಹಾರುತ್ತದೆ: ದಾರ ಹಿಡಿದು ಹಾಕುವ ಲೆಕ್ಕ

ಟಿಕೆಟ್ ಮಾಡಿಕೊಡುವುದು ನನ್ನ ಕೆಲಸ. ಎದುರು ಕೂತವರೆಲ್ಲ ಕೇಳುವ ಪ್ರಶ್ನೆ, "ಅಲ್ಲಿಗೆ ಎಷ್ಟು ಗಂಟೆ ಆಗುತ್ತೆ?" ಕಂಪ್ಯೂಟರ್ ನೋಡದೆಯೂ ಇದಕ್ಕೆ ಹೆಚ್ಚುಕಡಿಮೆ ಸರಿಯಾದ ಉತ್ತರ ಕೊಡಬಹುದು.

ಮೊದಲು ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಡಲೇಬೇಡಿ. ಲಂಡನ್–ಲಾಸ್ ಏಂಜಲೀಸ್ ನಡುವೆ ಅಲ್ಲಿ ಗೆರೆ ಎಳೆದರೆ ಅಟ್ಲಾಂಟಿಕ್ ಮಧ್ಯೆ ಹಾದುಹೋಗುತ್ತದೆ, ವಿಮಾನ ಮಾತ್ರ ಗ್ರೀನ್‌ಲ್ಯಾಂಡ್ ಕಡೆಯಿಂದ ಹೋಗುತ್ತದೆ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ಅದು ತಾನಾಗಿಯೇ ಉತ್ತರಕ್ಕೆ ಜಾರಿ ಕೂರುತ್ತದೆ. ಅದೇ ಹತ್ತಿರದ ದಾರಿ. ಅಷ್ಟೇ ಉದ್ದದ ದಾರವನ್ನು ಸಮಭಾಜಕ ವೃತ್ತದ ಮೇಲಿಟ್ಟು ಅಳೆಯಿರಿ. ರೇಖಾಂಶದ ಗೆರೆಗಳು 15 ಡಿಗ್ರಿಗೊಂದರಂತೆ ಇದ್ದರೆ ಗೆರೆಯಿಂದ ಗೆರೆಗೆ ಸುಮಾರು 1,670 ಕಿ.ಮೀ.

ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿದ್ದರೆ ದಾರವೂ ಬೇಡ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿ.ಮೀ. ಕೈರೋ 30 ಡಿಗ್ರಿ ಉತ್ತರ, ಜೊಹಾನ್ಸ್‌ಬರ್ಗ್ 26 ಡಿಗ್ರಿ ದಕ್ಷಿಣ, ಒಟ್ಟು 56. ಗುಣಿಸಿದರೆ 6,200 ಚಿಲ್ಲರೆ.

ಇನ್ನು ಹೊತ್ತು. ದೊಡ್ಡ ಜೆಟ್‌ಗಳು ಮೇಲೇರಿದ ಮೇಲೆ ಗಂಟೆಗೆ 850ರಿಂದ 900 ಕಿ.ಮೀ. ಓಡುತ್ತವೆ. ನಾನು 850ರಿಂದಲೇ ಭಾಗಿಸಿ, ರನ್‌ವೇ ತನಕ ತೆವಳುವುದಕ್ಕೆ, ಏರಿ ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸುತ್ತೇನೆ. ಕೈರೋ–ಜೊಹಾನ್ಸ್‌ಬರ್ಗ್ ಎಂಟು ಗಂಟೆಯ ಹತ್ತಿರ ಬಂತು. 400 ಕಿ.ಮೀ.ಗೂ ಒಂದು ಗಂಟೆ ಯಾಕೆ ಅನ್ನುವವರಿಗೆ ಉತ್ತರ ಆ ಅರ್ಧ ಗಂಟೆಯಲ್ಲೇ ಇದೆ.

ಗಾಳಿಯನ್ನು ಮರೆಯಬೇಡಿ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತದೆ, ಚಳಿಗಾಲದಲ್ಲಂತೂ ಜೋರು. ಲಂಡನ್–ನ್ಯೂಯಾರ್ಕ್ 5,540 ಕಿ.ಮೀ.; ನಮ್ಮ ಲೆಕ್ಕಕ್ಕೆ ಏಳು ಗಂಟೆ. ಹೋಗುವಾಗ ಎಂಟು ಹಿಡಿಯುತ್ತದೆ, ಬರುವಾಗ ಏಳು ಸಾಕು. 2020ರ ಫೆಬ್ರವರಿಯ ಬಿರುಗಾಳಿಯಲ್ಲಿ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಕ್ಕೇ ಬಂದಿಳಿದಿತ್ತು! ಉತ್ತರ–ದಕ್ಷಿಣ ಹಾರಾಟದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ದಾರ ತೋರಿಸಿದ ದಾರಿಯಲ್ಲೇ ವಿಮಾನ ಹೋಗುತ್ತದೆ ಅಂತಲೂ ಇಲ್ಲ. 2022ರಲ್ಲಿ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದ ಮೇಲೆ ಹೆಲ್ಸಿಂಕಿ–ಟೋಕಿಯೋ ಒಂಬತ್ತೂವರೆ ಗಂಟೆಯಿಂದ ಹದಿಮೂರರ ಹತ್ತಿರ ಹೋಯಿತು. ಊರುಗಳು ಇದ್ದಲ್ಲೇ ಇವೆ.

ಹೆಚ್ಚಿನವರು ಎಡವುವುದು ಟಿಕೆಟ್ ಓದುವಾಗ. ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ತಲುಪುವ ಹೊತ್ತು ತಲುಪುವ ಊರಿನದ್ದು. ಬೆಳಿಗ್ಗೆ 11ಕ್ಕೆ ಲಂಡನ್ ಬಿಟ್ಟು ಮಧ್ಯಾಹ್ನ 2ಕ್ಕೆ ನ್ಯೂಯಾರ್ಕ್ ಅಂತ ಇದ್ದರೆ ಮೂರೇ ಗಂಟೆ ಅಂದುಕೊಂಡು ಹಿಗ್ಗುವವರಿದ್ದಾರೆ. ನ್ಯೂಯಾರ್ಕ್ ಐದು ಗಂಟೆ ಹಿಂದಿದೆ, ಕೂಡಿಸಿದರೆ ಎಂಟು. ವಾಪಸ್ ಬರುವಾಗ ಸಂಜೆ 7ಕ್ಕೆ ಬಿಟ್ಟರೆ ಬೆಳಿಗ್ಗೆ 7, ಪಕ್ಕದಲ್ಲಿ ಪುಟ್ಟದಾಗಿ +1. ಅದು ಮರುದಿನದ ಗುರುತು, ಹೋಟೆಲ್ ಬುಕ್ ಮಾಡುವ ಮೊದಲು ಕಣ್ಣಿಟ್ಟು ನೋಡಿ. ಹನ್ನೆರಡರಲ್ಲಿ ಐದು ಕಳೆದರೆ ಏಳು ಗಂಟೆ.

ಬೇಸಿಗೆಯ ಬೆಳಕು ಬಳಸಿಕೊಳ್ಳಲು ಈ ಎರಡೂ ದೇಶ ಮಾರ್ಚ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ: ಅಮೆರಿಕ ಎರಡನೇ ಭಾನುವಾರ, ಬ್ರಿಟನ್ ಕೊನೆಯ ಭಾನುವಾರ. ಆ ನಡುವಿನ ದಿನಗಳಲ್ಲಿ ಐದರ ಜಾಗದಲ್ಲಿ ನಾಲ್ಕು ಹಾಕಿ ಲೆಕ್ಕ ಮಾಡಿ.