ಕಬ್ಬಿನ ತೂಕ ಎಲ್ಲಿಂದ ಬಂತು? ಒಂಬತ್ತನೇ ಕ್ಲಾಸಿಗೆ ವಾದ ಕಲಿಸಿದ ನನ್ನ ಅನುಭವ

ಮುಧೋಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪುರಾವೆ ಇಟ್ಟುಕೊಂಡು ವಾದ ಮಾಡುವುದನ್ನು ಒಂಬತ್ತನೇ ಕ್ಲಾಸಿನವರಿಗೆ ಕಲಿಸುತ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. "ಮೊದಲ ಬಾಯಿ ಜೋರು ಅದಾವ, ಅವಕ್ಕ ಮತ್ತ ವಾದ ಕಲಸ್ತೀರೇನ್ರಿ?" ಅಂದರು ಹಿರಿಯರೊಬ್ಬರು. ಪೋರ್ಷನ್ ಮುಗಿಯಲ್ಲ ಅನ್ನೋದು ಇನ್ನೊಬ್ಬರ ತಕರಾರು. ಈಗ ಎರಡು ಬ್ಯಾಚ್ ದಾಟಿದೆ, ಪೋರ್ಷನ್ನೂ ಮುಗಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹೇಳಿಕೆ (ಏನು ಹೇಳುತ್ತೀ), ಪುರಾವೆ (ಅದಕ್ಕೆ ಏನು ಕಂಡಿದೆ), ತರ್ಕ (ಕಂಡದ್ದರಿಂದ ಅದು ಹೇಗೆ ಗೊತ್ತಾಯಿತು) ಅನ್ನುವ ಚೌಕಟ್ಟು ಟ್ರೈನಿಂಗಿನಲ್ಲಿ ಟೀಚರಾದ ನಿಮಗೆಲ್ಲ ಸಿಕ್ಕೇ ಇರುತ್ತದೆ. ಅದನ್ನು ಇಲ್ಲಿ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ.

ಮೊದಲು ಚರ್ಚಾಸ್ಪರ್ಧೆ ಮಾದರಿ ನೋಡಿದೆ. ಪರ ಒಂದು ಗುಂಪು, ವಿರೋಧ ಒಂದು ಗುಂಪು. ದನಿ ಜೋರಿದ್ದವನೇ ಗೆದ್ದ. ಸೋಲಬಾರದು ಅನ್ನೋ ಹಟಕ್ಕೆ ಯಾರೂ ಮಾತು ಬದಲಿಸಲಿಲ್ಲ, ಮಾತು ಬದಲಿಸದಿದ್ದರೆ ಅದು ವಿಜ್ಞಾನ ಹೇಗಾಗುತ್ತದೆ? ಆಮೇಲೆ ಹೇಳಿಕೆ, ಪುರಾವೆ, ತರ್ಕ ಅಂತ ಮೂರು ಖಾನೆಯ ಹಾಳೆ ಜೆರಾಕ್ಸ್ ಮಾಡಿಸಿ ಹಂಚಿದೆ, ಗೋಡೆಗೆ ಒಂದು ಫ್ಲೆಕ್ಸ್ ಕೂಡ ಹಾಕಿಸಿದೆ. ಎಲ್ಲ ಸೇರಿ ಸಾವಿರದ ಮುನ್ನೂರೋ ನಾನೂರೋ ಹೋಯಿತು, ನನ್ನ ಜೇಬಿನಿಂದಲೇ. ಮಕ್ಕಳು ಪುರಾವೆ ಖಾನೆಯಲ್ಲಿ ಬರೆದದ್ದನ್ನೇ ತರ್ಕದ ಖಾನೆಯಲ್ಲೂ ಬರೆದರು. ಕೆಲವರು ಗೈಡ್ ನೋಡಿ ಚಂದವಾಗಿ ತುಂಬಿಸಿದರು. ಫ್ಲೆಕ್ಸ್ ಈಗ ಸೈಕಲ್ ಸ್ಟ್ಯಾಂಡಿನ ತಗಡು ಸೋರುವ ಕಡೆ ಹೊದಿಸಿದ್ದಾರೆ.

ಖಾನೆ ಬಿಟ್ಟೆ. ಬರೀ ಮೂರು ಪ್ರಶ್ನೆ ಇಟ್ಟುಕೊಂಡೆ, ಅದೂ ನಮ್ಮ ಕಡೆ ಮಾತಿನಲ್ಲೇ. "ಏನ್ ನೋಡಿದಿ?" "ಅದರಿಂದ ಇದು ಹೆಂಗ ಗೊತ್ತಾತು?" "ಏನ್ ಕಂಡ್ರ ನಿನ್ನ ಮಾತು ಬದಲಸ್ತಿ?" ಮೂರನೆಯದಕ್ಕೆ ಉತ್ತರವನ್ನು ವಾದ ಶುರುವಾಗುವ ಮೊದಲೇ ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಡಬೇಕು. ಎಲ್ಲ ಬದಲಾದದ್ದು ಈ ಚೀಟಿಯಿಂದಲೇ. "ಸರ್ ಹೇಳ್ಯಾರ", "ಬುಕ್ಕಿನ್ಯಾಗ ಐತಿ" ಅನ್ನೋದು ನಡೆಯುವುದಿಲ್ಲ. ಎದುರಿನವನಿಗೆ ಉತ್ತರ ಕೊಡುವ ಮೊದಲು ಅವನ ಮಾತನ್ನು ಅವನು ಒಪ್ಪುವ ಹಾಗೆ ಒಮ್ಮೆ ಹೇಳಿ ತೋರಿಸಬೇಕು. ಗದ್ದಲ ಅರ್ಧಕ್ಕಿಂತ ಜಾಸ್ತಿ ಅಲ್ಲೇ ನಿಂತಿತು.

ಪ್ರಶ್ನೆ ಯಾವುದು ಅನ್ನೋದು ಮುಖ್ಯ. ನಾನು ಹಿಡಿದದ್ದು ಕಬ್ಬು. ಎಕರೆಗೆ ನಲವತ್ತು ಟನ್ ಕಬ್ಬು ಫ್ಯಾಕ್ಟರಿಗೆ ಹೋಗುತ್ತದೆ, ಆ ತೂಕ ಎಲ್ಲಿಂದ ಬಂತು? ಬೋರ್ಡಿನ ಮೇಲೆ ಮೂರು ಉತ್ತರ ಬಂದವು: ಮಣ್ಣು, ಗೊಬ್ಬರ, ನೀರು. ಗಾಳಿ ಅಂತ ಒಬ್ಬರೂ ಹೇಳಲಿಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನಿಂದ ಗಿಡ ಬೆಳಕಿನಲ್ಲಿ ಸಕ್ಕರೆ ಮಾಡಿಕೊಳ್ಳುತ್ತದೆ ಅನ್ನುವ ದ್ಯುತಿಸಂಶ್ಲೇಷಣೆಯ ಸಮೀಕರಣ ಮಾತ್ರ ಎಲ್ಲರಿಗೂ ಬಾಯಿಪಾಠ!

ಗೊಬ್ಬರದ ವಾದ ಬೇಗ ಬಿತ್ತು. ಮನೆಯಲ್ಲಿ ಕೇಳಿಕೊಂಡು ಬಂದ ಲೆಕ್ಕ ಎಕರೆಗೆ ಹತ್ತು ಹನ್ನೆರಡು ಚೀಲ. ಯೂರಿಯಾ ಚೀಲ 45 ಕಿಲೋ, ಡಿಎಪಿ 50. ಎಲ್ಲ ಸೇರಿಸಿದರೂ ಅರ್ಧ ಟನ್ ಸುಮಾರು. ಮಣ್ಣಿನ ವಾದವನ್ನು ಬೀಳಿಸಿದ್ದು ಹಿಂದಿನ ಬೆಂಚಿನ ಹುಡುಗ. "ನಮ್ಮ ಅಜ್ಜಾ ಮೂವತ್ತ ವರ್ಷದಿಂದ ಕಬ್ಬ ಹಚ್ಚ್ಯಾನ, ಹೊಲಾ ತಗ್ಗ ಬಿದ್ದಿಲ್ಲ." ಲೆಕ್ಕ ಹಾಕಿದೆವು. ನಲವತ್ತು ಟನ್ ಪೂರಾ ಮಣ್ಣಿನಿಂದಲೇ ಬಂದಿದ್ದರೆ ವರ್ಷಕ್ಕೆ ಏಳೆಂಟು ಮಿಲಿಮೀಟರ್ ಇಳಿಯಬೇಕು, ಮೂವತ್ತು ವರ್ಷಕ್ಕೆ ಮುಕ್ಕಾಲು ಅಡಿ. ಮಣ್ಣಿನ ಗುಂಪಿನವರ ಚೀಟಿಯಲ್ಲಿ "ಹೊಲ ಇಳಿದಿಲ್ಲ ಅಂತ ತೋರಿಸಿದರೆ" ಅಂತಲೇ ಇತ್ತು. ಅವರೇ ಒಪ್ಪಿಕೊಂಡರು.

ನೀರಿನವರು ಮಾತ್ರ ಗಟ್ಟಿ. ಒಂದು ಕಿಲೋ ಕಬ್ಬನ್ನು ಬಿಲ್ಲೆ ಮಾಡಿ ಒಣಗಿಸಲು ಮಾಳಿಗೆ ಮೇಲೆ ಇಟ್ಟರೆ ಇರುವೆ ಮುತ್ತಿ ಲೆಕ್ಕವೇ ಕೆಟ್ಟಿತು. ಎರಡನೇ ಸಲ ಬಿಸಿಯೂಟದ ಅಕ್ಕನವರ ಒಲೆ ಮೇಲೆ ತವಾ ಇಟ್ಟೆವು, ಹೊತ್ತಿ ವಾಸನೆ ಎದ್ದು ಬೈಗುಳ ತಿಂದದ್ದಾಯಿತು. ಕೊನೆಗೆ ಪರಾತಕ್ಕೆ ಸೊಳ್ಳೆಪರದೆ ಕಟ್ಟಿ ನಾಲ್ಕೈದು ಬಿಸಿಲು ಕೊಟ್ಟು, ಸಣ್ಣ ಉರಿಯಲ್ಲಿ ಮುಗಿಸಿದೆವು. ಉಳಿದದ್ದು 290 ಗ್ರಾಂ ಹತ್ತಿರ. ಅದನ್ನು ಸುಟ್ಟರೆ ಬರೀ ಕರಿ ಇದ್ದಿಲು. ಬಿಳಿ ಬೂದಿ ಆಗುವ ತನಕ ಸುಡಲು ಕಂಬಾರರ ಕುಲುಮೆಗೇ ಹೋಗಬೇಕಾಯಿತು. ಅವರು ಐವತ್ತು ರೂಪಾಯಿ ತಗೊಂಡರು, ಚಹಾ ಬೇರೆ. ಬೂದಿ ಎಂಟು ಗ್ರಾಂ ಆಸುಪಾಸು ಬಂತು.

ಅಂದರೆ ನೀರು ಹೋಯಿತು, ಮಣ್ಣಿನದು ಬೂದಿಯಾಗಿ ಉಳಿಯಿತು, ನಡುವಿನ 280 ಗ್ರಾಂ ಯಾವುದು? "ನೀರ ಗಟ್ಟಿ ಆಗಿ ಸಕ್ರಿ ಆಗಿರಬೇಕ್ರಿ ಸರ್" ಅಂದಳು ಒಬ್ಬಳು. ಪೂರ್ತಿ ತಪ್ಪೂ ಅಲ್ಲ, ಸಕ್ಕರೆಯ ಹೈಡ್ರೋಜನ್ ನೀರಿನದೇ ಅಲ್ವಾ! ಚಮಚದಲ್ಲಿ ಸಕ್ಕರೆ ಸುಟ್ಟು ಇದ್ದಿಲು ತೋರಿಸಿದೆ. ನೀರಿನಲ್ಲಿ ಇದ್ದಿಲು ಎಲ್ಲಿದೆ? ಎರಿ ಮಣ್ಣು ಕಪ್ಪಗಿದೆ, ಇದ್ದಿಲು ಅದರದ್ದೇ ಅಂತ ಮಣ್ಣಿನ ಗುಂಪು ಮತ್ತೆ ಎದ್ದಿತು. ನಮ್ಮ ಕೆಂಪು ಮಣ್ಣಿನ ಮಸಾರಿ ಹೊಲದಲ್ಲೂ ಕಬ್ಬು ಬರುತ್ತದಲ್ಲ ಅಂತ ಇನ್ನೊಬ್ಬ ಕೂರಿಸಿದ. ಗಾಳಿ ಅನ್ನೋ ಮಾತು ಬಂದದ್ದು ಆಗ, ಅವರ ಬಾಯಿಂದಲೇ. ನಾನು ಹೇಳಲಿಲ್ಲ.

ಹಳೇ ಕಾಲದ ವಿಜ್ಞಾನಿ ವಾನ್ ಹೆಲ್ಮಾಂಟನ ಕತೆ ಹೇಳಿದ್ದು ಅದಾದ ಮೇಲೆ. 90 ಕಿಲೋ ಒಣಮಣ್ಣಿನಲ್ಲಿ ಬರೀ ನೀರು ಹಾಕಿ 5 ವರ್ಷ ವಿಲೋ ಗಿಡ ಬೆಳೆಸಿದ. ಗಿಡ ಎರಡು ಕಿಲೋ ಚಿಲ್ಲರೆಯಿಂದ 76 ಕಿಲೋ ದಾಟಿತು, ಮಣ್ಣು ಕಡಿಮೆಯಾಗಿದ್ದು ಅರವತ್ತು ಗ್ರಾಂ ಒಳಗೆ. 1648ರಲ್ಲಿ ಅಚ್ಚಾದ ಅವನ ಬರಹದಲ್ಲಿ ತೀರ್ಮಾನ ಏನು ಗೊತ್ತಾ? ಗಿಡ ಪೂರಾ ನೀರಿನಿಂದಲೇ ಆದದ್ದು! ಇದ್ದಿಲು ಸುಟ್ಟರೆ ಬರುವ ಅನಿಲದ (ಅದೇ ಕಾರ್ಬನ್ ಡೈಆಕ್ಸೈಡ್) ಬಗ್ಗೆ ಬರೆದವನೂ ಅವನೇ, ಆದರೆ ಅದನ್ನು ಗಿಡಕ್ಕೆ ಜೋಡಿಸಲಿಲ್ಲ. ಈ ಕತೆಯನ್ನು ಮೊದಲೇ ಹೇಳಬೇಡಿ, ಹೇಳಿದರೆ ವಾದವೇ ಸತ್ತುಹೋಗುತ್ತದೆ.

ನಡುವೆ ಮಡಕೆ ನೀರು ಯಾಕೆ ತಣ್ಣಗಿರುತ್ತದೆ ಅಂತಲೂ ಒಂದು ಆಟ ಆಡಿದೆವು. ಎರಡು ಮಡಕೆ ತಂದು ಒಂದಕ್ಕೆ ಹೊರಗೆಲ್ಲ ಆಯಿಲ್ ಪೇಂಟ್ ಬಳಿದೆವು. ಬೇಸಿಗೆಯಲ್ಲಿ ಎರಡರ ನೀರಿಗೂ ಏಳೆಂಟು ಡಿಗ್ರಿ ಅಂತರ, ಮಳೆಗಾಲದಲ್ಲಿ ಎರಡು ಡಿಗ್ರಿಯೂ ಇಲ್ಲ. ವಾದಕ್ಕೆ ಚೆನ್ನಾಗಿದೆ, ಆದರೆ ಬೇಗ ಮುಗಿದುಬಿಡುತ್ತದೆ. ಕಬ್ಬಿನಷ್ಟು ಜಗ್ಗುವುದಿಲ್ಲ.

ಖರ್ಚು: ಅಡುಗೆಮನೆ ಡಿಜಿಟಲ್ ತಕ್ಕಡಿ ನಾನೂರು ಚಿಲ್ಲರೆ, ಥರ್ಮಾಮೀಟರ್ ಎರಡು (ಒಂದು ಒಡೆಯಿತು), ಮಡಕೆ, ಕುಲುಮೆ, ಎಲ್ಲ ಸೇರಿ ಸಾವಿರದೊಳಗೆ. ಕಬ್ಬು ಪುಕ್ಕಟೆ. ಪಿರಿಯಡ್ ಆರೇಳು ಹೋದವು, ಆದರೆ ರಾಶಿ ಹೊಸದಾಗಿ ಹುಟ್ಟುವುದೂ ಇಲ್ಲ, ಇಲ್ಲದಂತಾಗುವುದೂ ಇಲ್ಲ ಅನ್ನುವ ರಾಶಿ ಸಂರಕ್ಷಣೆ ನಿಯಮಕ್ಕೆ ಬೇರೆ ಪಿರಿಯಡ್ ಬೇಕಾಗಲಿಲ್ಲ. ಕಳೆದ ಬ್ಯಾಚಿನವರು ಈಗ ಹತ್ತನೇ ಕ್ಲಾಸು. 'ಕಾರಣ ಕೊಡಿ' ಪ್ರಶ್ನೆಗೆ ಒಂದೇ ಸಾಲು ಬರೆದು ಬಿಡುವವರು ಈಗ ನಾಲ್ಕೈದು ಜನ ಇರಬಹುದು, ಮೊದಲು ಅರ್ಧ ಕ್ಲಾಸು ಹಾಗೆಯೇ ಇತ್ತು. ನಕ್ಕಿದ್ದ ಹಿರಿಯರು ಹೋದ ತಿಂಗಳು ತಕ್ಕಡಿ ಕೇಳಿ ಒಯ್ದಿದ್ದಾರೆ, ಇನ್ನೂ ವಾಪಸ್ ಬಂದಿಲ್ಲ.

ಗುಂಪು ಹೇಗೆ ಒಡೆಯುತ್ತೇನೆ, ಮಾತೇ ಆಡದ ಹುಡುಗಿಯರ ಬಾಯಿ ಹೇಗೆ ಬಿಡಿಸಿದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಶಾಲೆಗೆ ಬನ್ನಿ, ತೋರಿಸುತ್ತೇನೆ. ಮಾಡುವುದಿದ್ದರೆ ಕಟಾವು ಶುರುವಾದ ಮೇಲೆ ಮಾಡಿ, ಬಿಸಿಲೂ ಇರುತ್ತದೆ, ಕಬ್ಬೂ ಸಿಗುತ್ತದೆ. ಮತ್ತೆ ಈ ಪ್ರಶ್ನೆಗೆ ತಯಾರಾಗಿ ಹೋಗಿ, ನಮ್ಮ ಕ್ಲಾಸಿನಲ್ಲಿ ಒಬ್ಬಳು ಕೇಳಿದ್ದು: "ಸರ್, ಯೂರಿಯಾದಾಗಿನ ನೈಟ್ರೋಜನ್ ಸುಟ್ಟಾಗ ಹಾರಿ ಹೋಕ್ಕೈತಲ್ರಿ, ಹಂಗಾರ ಬೂದಿ ತೂಕ ಅಂದ್ರ ನೆಲದಿಂದ ಬಂದಿದ್ದು ಅಷ್ಟೂ ಅಲ್ಲಲ್ರಿ?" ಅವಳ ಮಾತು ಸರಿ. ನಮ್ಮ ಎಂಟು ಗ್ರಾಂ ಪಕ್ಕ ಅವಳ ಹೆಸರು ಬರೆದು ಒಂದು ಪ್ರಶ್ನೆ ಚಿಹ್ನೆ ಹಾಕಿದ್ದೇವೆ.